ಸದಾ ಮನೆಯಲ್ಲಿರುವವನ ಪಾರ್ಸೆಲ್ಲು

ನಮ್ಮ ಬೀದಿಯಲ್ಲಿ ಯಾರ ಮನೆಗೆ ಏನು ಬಂದರೂ ಅದು ಮೊದಲು ನಮ್ಮ ಮನೆಗೆ ಬರುತ್ತದೆ. ನಮ್ಮ ಮನೆಗೇ ಬರಬೇಕಾದದ್ದು ಮಾತ್ರ ಬರುವುದಿಲ್ಲ. ಈ ಅನ್ಯಾಯವನ್ನು ಯಾರ ಮುಂದಾದರೂ ಹೇಳಿಕೊಳ್ಳದಿದ್ದರೆ ನನಗೆ ಊಟ ಸೇರುವುದಿಲ್ಲ. (ಹೇಳಿಕೊಂಡ ಮೇಲೂ ಸೇರುವುದಿಲ್ಲ ಎನ್ನುತ್ತಾಳೆ ನನ್ನ ಹೆಂಡತಿ. ಅದು ನಾನೇ ಅಡುಗೆ ಮಾಡಿದ ದಿನಗಳ ಮಾತು.)

ನಾನು ಪಠ್ಯಪುಸ್ತಕಗಳ ಕರಡು ತಿದ್ದುವವನು. ಕೆಲಸವೆಲ್ಲ ಮನೆಯಲ್ಲೇ. ಮುಂದಿನ ಕೋಣೆಯಲ್ಲಿ, ಬೀದಿಯನ್ನೇ ನೋಡುತ್ತಿರುವ ಕಿಟಕಿಯ ಪಕ್ಕ ನನ್ನ ಮೇಜು. ಬೆಳಿಗ್ಗೆ ಕೂತರೆ ಸಂಜೆಯವರೆಗೂ ಅಲ್ಲೇ. ಬೀದಿಗೆ ಬರುವ ಯಾರಿಗಾದರೂ ಮೊದಲು ಕಾಣುವುದು ಮೂಲೆಯ ದೀಪದ ಕಂಬ, ಆಮೇಲೆ ನಾನು. ಇಬ್ಬರೂ ಅಲ್ಲಾಡುವುದಿಲ್ಲ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು. ಹಳ್ಳಿಯಲ್ಲಿ ನಮ್ಮ ಮನೆ ಬಸ್ಸು ನಿಲ್ಲುವ ಜಾಗದ ಎದುರಿಗಿತ್ತು. "ಸ್ವಲ್ಪ ನೋಡ್ಕೊಂಡಿರಮ್ಮ, ಬಂದು ತಗೊಂಡು ಹೋಗ್ತೀನಿ" ಎಂದು ಯಾರೋ ಚೀಲ ಇಟ್ಟು ಹೋಗುತ್ತಿದ್ದರು, ಯಾರೋ ಕುರಿ ಕಟ್ಟಿ ಹೋಗುತ್ತಿದ್ದರು, ಒಬ್ಬರಂತೂ ಮಾವನನ್ನೇ ಕೂರಿಸಿ ಹೋಗಿದ್ದರು. ನಮ್ಮಮ್ಮ ಯಾವುದಕ್ಕೂ ಬೇಡ ಎಂದವಳಲ್ಲ. ಆ ಪದವನ್ನು ನನಗೆ ಮನೆಯಲ್ಲಿ ಯಾರೂ ಕಲಿಸಲಿಲ್ಲ, ಕಾಲೇಜಿನಲ್ಲಿ ಅದು ಪಠ್ಯಕ್ಕಿರಲಿಲ್ಲ.

ಹೀಗಾಗಿ "ಸಾರ್, ಎದುರು ಮನೇಲಿ ಯಾರೂ ಇಲ್ಲ, ಇದೊಂದು ಇಟ್ಕೋತೀರಾ?" ಎಂದು ಮೊದಲ ಡಬ್ಬಿ ಬಂದಾಗ ಇಟ್ಟುಕೊಂಡೆ. ಈಗ ನಮ್ಮ ಸೋಫಾದ ಕೆಳಗೆ ಮಹಡಿಯವರ ಚಪ್ಪಲಿ, ಫ್ರಿಜ್ಜಿನ ತಲೆಯ ಮೇಲೆ ಕೊನೇ ಮನೆಯವರ ಗೋಡೆ ಗಡಿಯಾರ, ನಮ್ಮ ಮಂಚದ ಪಕ್ಕ ಯಾರದೆಂದು ಇನ್ನೂ ಗೊತ್ತಾಗದ ಒಂದು ಉದ್ದನೆಯ ಪೆಟ್ಟಿಗೆ. ಅದರೊಳಗೆ ಏನಿರಬಹುದೆಂಬ ಕುತೂಹಲದಿಂದ ನಾನು ಅದನ್ನು ಆಗಾಗ ಅಲ್ಲಾಡಿಸಿ ಕಿವಿಗೊಟ್ಟು ಕೇಳುತ್ತೇನೆ.

"ರೀ, ಇದು ಮನೆಯಾ, ಗೋಡೌನಾ?" ಎಂದು ಹೆಂಡತಿ ಕೇಳುತ್ತಾಳೆ.

"ನೆರೆಹೊರೆಯವರಿಗೆ ಇಷ್ಟೂ ಮಾಡದಿದ್ದರೆ ಹೇಗೆ?"

"ಮಾಡಿ. ಗೋಡೌನಿನವರಿಗೆ ಸಂಬಳ ಕೊಡ್ತಾರೆ, ನಿಮಗೆ ಟೇಪಿನ ಚೂರು ಕೊಡ್ತಾರೆ."

ಇನ್ನು ಕನ್ನಡಕದ ವಿಷಯ. ನನ್ನ ಹೆಂಡತಿಯ ಕನ್ನಡಕದ ಮೇಲೆ ನಾನು ಕೂತೆ. ಅವಳು ಇದನ್ನು "ನೋಡದೆ ಕೂತರು" ಎಂದು ವರ್ಣಿಸುತ್ತಾಳೆ. ನಾನು "ಕನ್ನಡಕ ಕುರ್ಚಿಯ ಮೇಲಿತ್ತು" ಎನ್ನುತ್ತೇನೆ. ಯಾವ ವರದಿಯನ್ನು ನಂಬಿದರೂ ಗಾಜಿನ ಸ್ಥಿತಿ ಒಂದೇ.

ಅವಳು ನೀರು ಸರಬರಾಜು ಕಚೇರಿಯ ದೂರಿನ ಕೌಂಟರಿನಲ್ಲಿ ಕೆಲಸ ಮಾಡುತ್ತಾಳೆ. ಗಾಜಿನ ಕಿಂಡಿಯ ಹಿಂದೆ ಕೂತು, ತಾನು ಕಂಡೂ ಇಲ್ಲದ ಕೊಳಾಯಿಗಳಿಗಾಗಿ ದಿನವಿಡೀ ಬೈಸಿಕೊಳ್ಳುವ ಉದ್ಯೋಗ. ಅಲ್ಲಿಂದ ಎದ್ದು ಒಳಗಿನ ಮೇಜಿಗೆ ಹೋಗಬೇಕಾದರೆ ಇಲಾಖೆಯ ಪರೀಕ್ಷೆ ಪಾಸಾಗಬೇಕು. ಅದು ವರ್ಷಕ್ಕೊಂದೇ ಸಲ, ಈ ಸಲದ್ದು ಭಾನುವಾರ. ಅದಕ್ಕೆಂದೇ ರಜೆ ಹಾಕಿ, ನಿಯಮಾವಳಿಯ ದಪ್ಪ ಪುಸ್ತಕ ಹಿಡಿದು ಕೂತವಳ ಕನ್ನಡಕವನ್ನೇ ನಾನು ಸಮತಟ್ಟು ಮಾಡಿದ್ದು. ಕನ್ನಡಕವಿಲ್ಲದೆ ಅವಳಿಗೆ ಬಾಗಿಲು, ಬೀರು, ಗಂಡ ಮುಂತಾದ ದೊಡ್ಡ ವಸ್ತುಗಳು ಕಾಣುತ್ತವೆ. ಅಕ್ಷರ ಕಾಣುವುದಿಲ್ಲ.

ಮೂಲೆಯ ಕನ್ನಡಕದ ಅಂಗಡಿಯವರು, "ಇದು ವಿಚಿತ್ರ ನಂಬರು, ಬರೋ ವಾರ ಬನ್ನಿ" ಎಂದರು. ನಾನು ಪದವೀಧರನ ಠೀವಿಯಿಂದ ಫೋನು ತೆಗೆದು, "ಬರೋ ವಾರ ಯಾಕೆ? ಆನ್‌ಲೈನಿನಲ್ಲಿ ತರಿಸಿದರೆ ಗುರುವಾರವೇ ಬರುತ್ತದೆ" ಎಂದು ಅವರೆದುರಿಗೇ ಆರ್ಡರ್ ಮಾಡಿದೆ. ಗುರುವಾರದವರೆಗೆ ಪುಸ್ತಕವನ್ನು ನಾನೇ ಓದಿ ಹೇಳುವುದು ಎಂದಾಯಿತು.

ಓದಿ ಹೇಳುವುದು ಸುಲಭವೆಂದುಕೊಂಡಿದ್ದೆ. ಆದರೆ ಕರಡು ತಿದ್ದುವವನ ಕಣ್ಣು ಸುಮ್ಮನಿರಬೇಕಲ್ಲ?

"'ಸದರಿ ಅರ್ಜಿಯನ್ನು ಪರಿಶೀಲಿಸಿ ತಿರಸ್ಕರಿಸತಕ್ಕದ್ದು.' ಯಾರು ತಿರಸ್ಕರಿಸತಕ್ಕದ್ದು? ಈ ವಾಕ್ಯದಲ್ಲಿ ಕರ್ತೃವೇ ಇಲ್ಲ ನೋಡು. ಎಂಥ ಬರವಣಿಗೆ ಇದು!"

"ರೀ, ಮುಂದೆ ಓದಿ."

"ಅಲ್ಲ, ಇದಕ್ಕೊಂದು ಹಿನ್ನೆಲೆ ಇದೆ. ಹಿಂದೆ ಆಡಳಿತದ ಭಾಷೆ ಹೇಗಿತ್ತೆಂದರೆ..."

"ಕರ್ತೃ ಸಿಕ್ಕಿದ ಮೇಲೆ ಎಬ್ಬಿಸಿ. ಮಲಗಿರ್ತೀನಿ."

ಗುರುವಾರ ಬಂತು. ನಮ್ಮ ಬೀದಿಗೆ ಪಾರ್ಸೆಲ್ ತರುವವಳು ಒಬ್ಬ ಗಟ್ಟಿಗಿತ್ತಿ ಹೆಂಗಸು. ಮೂರು ಚಕ್ರದ ಪೆಟ್ಟಿಗೆ ಗಾಡಿ, ತಲೆಗೆ ಬಿಗಿದ ಸ್ಕಾರ್ಫು, ಬೀದಿಯ ತುದಿಯಿಂದಲೇ ಹಾರನ್ನು. ಬೀದಿಯವರೆಲ್ಲ ಅವಳನ್ನು ಬಿರುಗಾಳಿ ಎಂದೇ ಕರೆಯುವುದು, ಅವಳೂ ಓಗೊಡುತ್ತಾಳೆ. ಅಂದು ಬೆಳಿಗ್ಗೆ ಅವಳು ಬಂದಾಗ ನಾನು ಕಿಟಕಿಯಿಂದ ಅರ್ಧ ಹೊರಗೇ ಇದ್ದೆ. ಅವಳು ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರರ ಡಬ್ಬಿಯನ್ನೂ ಮಹಡಿಯವರ ಚೀಲವನ್ನೂ ನನ್ನ ಕೈಗೆ ತುರುಕಿದಳು. "ನನ್ನದು?" ಎಂದೆ. "ಬರತ್ತೆ ಸಾರ್, ಬರತ್ತೆ" ಎಂದು ಹೊರಟೇಬಿಟ್ಟಳು.

ಸಂಜೆ ಫೋನಿಗೆ ಸಂದೇಶ ಬಂತು: 'ಬಾಗಿಲು ಹಾಕಿತ್ತು. ಗ್ರಾಹಕರು ಮನೆಯಲ್ಲಿ ಇರಲಿಲ್ಲ.'

ನಾನು ಬಾಗಿಲು ನೋಡಿದೆ. ತೆರೆದಿತ್ತು. ನನ್ನನ್ನು ನೋಡಿಕೊಂಡೆ. ಇದ್ದೆ.

"ಏನಂತೆ?" ಎಂದಳು ಹೆಂಡತಿ.

"ನಾನು ಮನೆಯಲ್ಲಿ ಇರಲಿಲ್ಲವಂತೆ."

"ಅಂಥ ಭಾಗ್ಯ ನನಗೆಲ್ಲಿ" ಎಂದು ಅವಳು ಕಣ್ಣು ಕಿರಿದು ಮಾಡಿ ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡಳು. ಹಾಗೆ ಎರಡು ಸಾಲು ಓದುವಷ್ಟರಲ್ಲಿ ಅವಳ ಕಣ್ಣಲ್ಲಿ ನೀರು ಬಂತು. ಕಣ್ಣಿನ ಆಯಾಸಕ್ಕೆ ಬಂದ ನೀರು ಎಂದು ನಾನು ಅಂದುಕೊಂಡೆ. ಅವಳು ಸುಮ್ಮನೆ, "ಹೋದ ವರ್ಷ ಜ್ವರ ಬಂತು, ಈ ವರ್ಷ ನೀವು ಬಂದ್ರಿ" ಎಂದಳು. ಅಷ್ಟೇ. ಅವಳು ಜಗಳ ಮಾಡಿದರೆ ತಡೆದುಕೊಳ್ಳಬಹುದು. ಮೆಲ್ಲಗೆ ಮಾತಾಡಿದರೆ ನನಗೆ ಕೂರಲಾಗುವುದಿಲ್ಲ.

ಸಹಾಯವಾಣಿಗೆ ಫೋನು ಮಾಡಿದೆ. "ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ" ಎಂದಿತು ಒಂದು ಸಕ್ಕರೆಯ ದನಿ. ನಾನು ಮನೆಯಲ್ಲೇ ಇದ್ದೆನೆಂದು ಹೇಳಿದೆ. "ನಮ್ಮ ದಾಖಲೆಯಲ್ಲಿ ನೀವು ಇರಲಿಲ್ಲ ಸರ್" ಎಂದಿತು. ಮನೆಯಲ್ಲಿದ್ದೆನೆಂಬುದಕ್ಕೆ ನನ್ನ ಹೆಂಡತಿ ಸಾಕ್ಷಿ ಎಂದೆ. ಅವಳು ದೂರದಿಂದಲೇ, "ನನಗೆ ಕಣ್ಣು ಕಾಣಲ್ಲ ಅಂತ ಹೇಳಿ" ಎಂದಳು.

ಆದರೆ ನಿಜ ಹೇಳಬೇಕೆಂದರೆ, ಸಿಟ್ಟಿಗಿಂತ ಹೆಚ್ಚಾಗಿ ನನ್ನನ್ನು ಕೊರೆದದ್ದು ಕುತೂಹಲ. ಬೆಳಿಗ್ಗೆ ನನ್ನ ಕೈಗೇ ಬೇರೆಯವರ ಡಬ್ಬಿ ಕೊಟ್ಟ ಹೆಂಗಸು, ಸಂಜೆ ನಾನು ಇರಲಿಲ್ಲವೆಂದು ಬರೆಯಬೇಕಾದರೆ ನಡುವೆ ಏನು ನಡೆದಿರಬೇಕು? ಶುಕ್ರವಾರ ಹಾರನ್ನು ಕೇಳಿದ್ದೇ ತಡ, ಬೀದಿಗಿಳಿದು ಗಾಡಿಗೆ ಅಡ್ಡ ನಿಂತೆ.

"ನೋಡಮ್ಮ, ಒಂದು ವಿಷಯ ತಿಳೀಬೇಕು ನನಗೆ. ನಾನು ಮನೇಲಿ ಇರ್ತೀನೋ ಇಲ್ಲವೋ?"

"ಇದೇನ್ ಸಾರ್ ಹಿಂಗ್ ಕೇಳ್ತೀರಾ? ನೀವು ಯಾವತ್ತೂ ಇರ್ತೀರಾ."

"ಮತ್ತೆ ಇರಲಿಲ್ಲ ಅಂತ ಯಾಕೆ ಹಾಕಿದ್ದು?"

"ಯಾವತ್ತೂ ಇರ್ತೀರಲ್ಲ, ಅದಕ್ಕೇ!"

ನನಗೆ ಅರ್ಥವಾಗಲಿಲ್ಲ. ಅವಳು ಗಾಡಿಯ ಹಿಂದಿನ ಬಾಗಿಲು ತೆಗೆದು ತೋರಿಸಿದಳು. ಒಳಗೆ ಸೂರಿನವರೆಗೂ ಡಬ್ಬಿಗಳ ಗೋಡೆ.

"ನೋಡಿ ಸಾರ್. ಈ ಮುಂದಿರೋವು ಆಫೀಸಿಗೆ ಹೋಗೋರದು. ಹೊತ್ತು ತಪ್ಪಿದ್ರೆ ಸಿಗಲ್ಲ. ಅದರ ಹಿಂದೆ ಇರೋವು ಬೈಯೋರದು. ನಿಮ್ಮ ಪಕ್ಕದ ಮನೆ ಮೇಷ್ಟ್ರಿದ್ದಾರಲ್ಲ, ಅವರು ನಾನು ಗಾಡಿಗೆ ಲೋಡ್ ಮಾಡೋವಾಗಿಂದ ಫೋನ್ ಮಾಡ್ತಾರೆ. ಫೋನ್ ಮಾಡಿ ಮಾಡಿ ಸುಸ್ತಾಗಿ ವಾಕಿಂಗ್ ಹೋಗ್ಬಿಡ್ತಾರೆ. ಅದಕ್ಕೆ ಅವರದ್ದು ನಿಮಗೆ ಕೊಡೋದು. ಅದರ ಹಿಂದೆ ನಾಯಿ ಇರೋ ಮನೆಯವು. ಬೆಳಿಗ್ಗೆ ನಾಯಿಗಳು ಸ್ವಲ್ಪ ಒಳ್ಳೇ ಮೂಡಲ್ಲಿ ಇರ್ತವೆ. ನಿಮ್ಮಂಥೋರದ್ದು ತಳದಲ್ಲಿ."

"ನನ್ನಂಥೋರು ಅಂದ್ರೆ?"

"ಎಲ್ಲೂ ಹೋಗದೇ ಇರೋರು. ಬೈಯದೇ ಇರೋರು. ನಾಯಿ ಇಲ್ದೇ ಇರೋರು. ಯಾವಾಗ ಹೋದ್ರೂ ಇಸ್ಕೋತಾರೆ ಅಂತ ಧೈರ್ಯ ಸಾರ್. ತಳ ತಲುಪೋ ಹೊತ್ತಿಗೆ ಗಾಡಿ ವಾಪಸ್ ಕೊಡೋ ಟೈಮ್ ಆಗಿರತ್ತೆ. ಆಗ ಯಾಕೆ ಕೊಟ್ಟಿಲ್ಲ ಅಂತ ಮೆಷಿನ್ ಕೇಳತ್ತೆ. ಅದರಲ್ಲಿ ಇರೋದು ಇಷ್ಟೇ: ಬಾಗಿಲು ಹಾಕಿತ್ತು, ವಿಳಾಸ ತಪ್ಪು, ಗ್ರಾಹಕರು ಬೇಡ ಅಂದ್ರು, ಗ್ರಾಹಕರು ಬೇರೆ ದಿನ ಕೇಳಿದ್ರು. 'ಕಾಲು ಬಿದ್ದೋಯ್ತು' ಅಂತ ಒತ್ತೋಕೆ ಬಟನ್ನೇ ಇಲ್ಲ. ಏನು ಮಾಡ್ಲಿ? ಬಾಗಿಲು ಹಾಕಿಸ್ದೆ."

ಸಿಟ್ಟು ಮಾಡಬೇಕೆಂದು ಬಂದವನು ನಾನು. ಆದರೆ ಒಂದು ಅನುಮಾನ ಬಹಳ ದಿನದಿಂದ ಇತ್ತು. ಹಳ್ಳಿಯ ಅಭ್ಯಾಸದಂತೆ ಇವಳು ಬಂದಾಗಲೆಲ್ಲ ನೀರು ಬೇಕೇ ಎಂದು ಕೇಳುತ್ತಿದ್ದೆ, ಇವಳು ಯಾವತ್ತೂ ಕುಡಿದವಳಲ್ಲ. ಅದನ್ನೂ ಕೇಳಿಬಿಟ್ಟೆ.

"ನೀರು ಎಲ್ಲರೂ ಕೊಡ್ತಾರೆ ಸಾರ್. ಆಮೇಲೆ ಬಾತ್‌ರೂಮ್ ಯಾರು ಕೊಡ್ತಾರೆ?" ಎಂದಳು.

ಒಳಗಿನಿಂದ ನನ್ನ ಹೆಂಡತಿ, "ಅಕ್ಕಾ, ಬನ್ನಿ ಒಳಗೆ. ಇನ್ಮೇಲೆ ಕೇಳೋದೇನೂ ಬೇಡ, ನೇರ ಬರ್ತಾ ಇರಿ" ಎಂದಳು. ಅಷ್ಟು ದಿನ ನೀರು ನೀರು ಎಂದು ಔದಾರ್ಯ ಮೆರೆದ ನಾನು ಆ ಇನ್ನೊಂದನ್ನು ಯೋಚಿಸಿಯೇ ಇರಲಿಲ್ಲ. ಬಿರುಗಾಳಿ ಹೋಗಿ ಬಂದು, ಮುಖ ತೊಳೆದು, ಎರಡು ಲೋಟ ನೀರು ಗಟಗಟನೆ ಕುಡಿದಳು.

ಆ ಹೊತ್ತಿನಲ್ಲಿ ನಾನು ಗಾಡಿಯೊಳಗೆ ಬಗ್ಗಿ ನನ್ನ ಡಬ್ಬಿ ಹುಡುಕಿದೆ. ಕಂಡಿತು! ಬಟ್ಟೆ ಒಗೆಯುವ ಯಂತ್ರವೊಂದರ ಕೆಳಗೆ, ಎರಡು ಡಬ್ಬಿಗಳ ಸಂದಿನಲ್ಲಿ ಒಂದು ಮೂಲೆ ಮಾತ್ರ. ಎಳೆದೆ. ಗೋಡೆಯೆಲ್ಲ ನನ್ನ ಕಡೆಗೆ ವಾಲಿತು.

"ಅಯ್ಯೋ ಬಿಡಿ ಸಾರ್! ಅದನ್ನ ತೆಗೀಬೇಕಂದ್ರೆ ಎಲ್ಲಾ ರೋಡಿಗೆ ಇಳಿಸ್ಬೇಕು. ಹಿಂದೆ ನೋಡಿ!"

ಹಿಂದೆ ಆಗಲೇ ವಾಹನಗಳ ಸಾಲು, ಹಾರನ್ನುಗಳ ಕಚೇರಿ. ಬಿರುಗಾಳಿ ಹೊರಟುಹೋದಳು. ಸಂಜೆ ನನ್ನ ಬಾಗಿಲು ಮತ್ತೊಮ್ಮೆ ಹಾಕಿತ್ತು.

ಇನ್ನುಳಿದದ್ದು ಶನಿವಾರ ಮಾತ್ರ. ಅಂದು ಬಾರದಿದ್ದರೆ ಭಾನುವಾರ ಹೆಂಡತಿ ಪ್ರಶ್ನೆಪತ್ರಿಕೆಯನ್ನು ಮುಟ್ಟಿ ನೋಡಿ ಬರಬೇಕು. ನಾನು ಅಡುಗೆಮನೆಯಲ್ಲಿ ಶತಪಥ ಹಾಕಿದೆ. ಆಗ ನನ್ನ ತಲೆಯಲ್ಲಿ ಜ್ಯೋತಿಯೊಂದು ಉದಯಿಸಿತು.

"ಗೊತ್ತಾಯ್ತು! ನಾನು ಸದಾ ಸಿಗುವವನು, ಅದೇ ನನ್ನ ದೋಷ. ನಾನು ಸಿಗದವನಾಗಬೇಕು! ನಾಳೆ ಬೆಳಿಗ್ಗೆಯೇ ಊರಿಗೆ ಹೊರಟಿದ್ದೇವೆ ಎಂದು ಅವಳಿಗೆ ಹೇಳುತ್ತೇನೆ. ಆಗ ನಮ್ಮ ಡಬ್ಬಿ ಎಲ್ಲರಿಗಿಂತ ಮುಂದೆ!"

"ಸುಳ್ಳು ಹೇಳ್ತೀರಾ? ನೀವು? ಬಸ್ಸಲ್ಲಿ ಟಿಕೆಟ್ ಕೇಳದೇ ಇದ್ರೆ ಕಂಡಕ್ಟರನ್ನ ಹುಡುಕ್ಕೊಂಡು ಹೋಗೋರು ನೀವು. ಇದ್ದದ್ದು ಇದ್ದ ಹಾಗೆ ಹೇಳಿ. ನಾಳೆ ನನಗೆ ಬೇಕೇಬೇಕು ಅಂತ ಕೇಳಿ. ಆಕೆ ಒಳ್ಳೆಯೋರು."

"ಇದ್ದಲ್ಲೇ ಇದ್ದದ್ದಕ್ಕೇ ತಳಕ್ಕೆ ಹೋದದ್ದು."

ಶನಿವಾರ ಬೆಳಿಗ್ಗೆ ಬಿರುಗಾಳಿಗೆ ಫೋನು ಮಾಡಿದೆ. ಊರಿಗೆ ಹೊರಟಿದ್ದೇವೆ ಎಂದಷ್ಟೇ ಹೇಳಿದ್ದರೆ ಸಾಕಿತ್ತು. ಆದರೆ ಯಾವುದನ್ನೂ ಅರ್ಧಂಬರ್ಧ ಮಾಡುವವನಲ್ಲ ನಾನು. ಬಸ್ಸು ಬೇಗ ಇದೆ ಎಂದೆ, ಚಿಕ್ಕಮ್ಮನಿಗೆ ಹುಷಾರಿಲ್ಲ ಎಂದೆ, ಆಸ್ಪತ್ರೆಗೆ ಸೇರಿಸಿದ್ದಾರೆ ಎಂದೆ, ಯಾವಾಗ ಬರುತ್ತೇವೋ ಹೇಳಲಾಗದು ಎಂದೆ. ಕೊನೆಗೆ ನನಗೇ ಚಿಕ್ಕಮ್ಮನ ಮೇಲೆ ಮರುಕ ಬಂತು.

"ಅಯ್ಯೋ ಪಾಪ! ನೀವು ಹೊರಡಿ ಸಾರ್. ಡಬ್ಬಿ ನನಗೆ ಬಿಡಿ, ನಾನು ನೋಡ್ಕೋತೀನಿ!"

ನಾನು ಗೆದ್ದವನಂತೆ ಫೋನಿಟ್ಟೆ.

"ಆ ಚಿಕ್ಕಮ್ಮ ಏನು ಅನ್ಯಾಯ ಮಾಡಿದ್ರು ನಿಮಗೆ?" ಎಂದಳು ಹೆಂಡತಿ. "ನಿನ್ನೆ ತಾನೇ ಫೋನ್ ಮಾಡಿ ಬಾವಿಯಿಂದ ನೀರು ಸೇದ್ತಾ ಇದ್ದೀನಿ ಅಂದ್ರು."

ನಾಟಕಕ್ಕೆ ರಂಗಸಜ್ಜಿಕೆ ಬೇಕು. ಎರಡು ಸೂಟ್‌ಕೇಸು ತೆಗೆದೆ. ಖಾಲಿ ಸೂಟ್‌ಕೇಸು ಎತ್ತುವ ಕೈ ಸುಳ್ಳು ಹೇಳುವುದಿಲ್ಲವಾದ್ದರಿಂದ ಎರಡಕ್ಕೂ ಎಂಟನೇ ತರಗತಿ ವಿಜ್ಞಾನದ ಕರಡು ತುಂಬಿದೆ. ಇಸ್ತ್ರಿ ಮಾಡಿದ ಅಂಗಿ ಹಾಕಿದೆ. ಬಾಗಿಲಿಗೆ ಬೀಗ ಜಡಿದು ಇಬ್ಬರೂ ಮೆಟ್ಟಿಲ ಮೇಲೆ ನಿಂತೆವು. ಹೆಂಡತಿ ನಿಯಮಾವಳಿಯ ಪುಸ್ತಕವನ್ನು ಕೈಚೀಲದಲ್ಲಿಟ್ಟುಕೊಂಡು, "ಕನ್ನಡಕ ಬಂದ ಕೂಡಲೇ ಒಳಗೆ ಹೋಗಿ ಓದಬೇಕು ನಾನು" ಎಂದಳು.

ಬೀದಿಗೆ ಬೀದಿಯೇ ಗಾಬರಿಯಾಗುತ್ತದೆಂದು ನನಗೆ ತಿಳಿದಿರಲಿಲ್ಲ. ಹೆಡ್‌ಮಾಸ್ತರರು ವಾಕಿಂಗ್ ಕೋಲು ಊರಿಕೊಂಡು ಓಡಿ ಬಂದರು.

"ಏನಯ್ಯಾ ಇದು, ನೀನು ಊರಿಗೆ ಹೋದರೆ ನಮ್ಮ ಗತಿ? ಇವತ್ತು ನನ್ನ ಬೆನ್ನು ನೋವಿನ ಪಟ್ಟಿ ಬರೋದಿದೆ!"

"ಚಿಕ್ಕಮ್ಮನಿಗೆ ಹುಷಾರಿಲ್ಲ ಮೇಷ್ಟ್ರೇ."

"ಛೇ ಛೇ. ಎಷ್ಟು ದಿನ ಹುಷಾರಿಲ್ಲ?"

ಅವರ ಹಿಂದೆಯೇ ಬೀದಿಯ ಅರ್ಧ ಜನ ಬಂದು, ಬೀಗ ತೆಗೆಸಿ, ತಮ್ಮ ತಮ್ಮ ಡಬ್ಬಿಗಳನ್ನು ಹೊತ್ತೊಯ್ದರು. ಉದ್ದ ಪೆಟ್ಟಿಗೆಯ ಒಡೆಯರೂ ಆಗ ಪತ್ತೆಯಾದರು. ಅದರಲ್ಲಿದ್ದದ್ದು ಪರದೆ ಕಟ್ಟುವ ಕೊಳವೆಯಂತೆ. ಇಷ್ಟು ದಿನ ಕಿವಿಗೊಟ್ಟದ್ದು ದಂಡ.

ಅಷ್ಟರಲ್ಲಿ ಹಾರನ್ನು ಕೇಳಿತು. ಬೀದಿಯಲ್ಲಿ ಇನ್ನೂ ಯಾರ ಮನೆ ಮುಂದೆಯೂ ನಿಲ್ಲದೆ ಗಾಡಿ ನೇರ ನಮ್ಮ ಮುಂದೆ ಬಂದು ನಿಂತಿತು. ನಾನು ಹೆಂಡತಿಯ ಕಡೆ ನೋಡಿದೆ, ನೋಡು ಎಂಬಂತೆ. (ಅವಳಿಗೆ ಕಾಣಿಸಲಿಲ್ಲ.)

"ಕೊಡಮ್ಮ" ಎಂದು ಕೈ ಚಾಚಿದೆ.

"ಏನ್ ಕೊಡ್ಲಿ ಸಾರ್?"

"ನಮ್ಮ ಡಬ್ಬಿ."

"ಅಯ್ಯೋ, ಅದನ್ನ ತಂದಿಲ್ಲ ಸಾರ್! ಆಸ್ಪತ್ರೆಗೆ ಹೋಗೋರ ಕೈಗೆ ಅದನ್ನೊಂದು ಕೊಟ್ಟು ಎಲ್ಲಿ ಹೊರಿಸ್ಲಿ? 'ಗ್ರಾಹಕರು ಬೇರೆ ದಿನ ಕೇಳಿದ್ರು' ಅಂತ ಒತ್ತಿ ಗೋಡೌನಲ್ಲಿ ಜೋಪಾನವಾಗಿ ಇಡಿಸಿದೀನಿ. ನೀವು ನೆಮ್ಮದಿಯಾಗಿ ಹೋಗಿ ಬನ್ನಿ. ಈಗ ನಾನು ಬಂದಿದ್ದು ನಿಮ್ಮನ್ನ ಕರ್ಕೊಂಡು ಹೋಗೋಕೆ. ಹತ್ತಿ, ಬಸ್‌ಸ್ಟ್ಯಾಂಡಿಗೆ ಬಿಡ್ತೀನಿ. ಎಲ್ಲರಿಗಿಂತ ಮೊದಲು ನಿಮ್ಮದೇ!"

ಆ ಕ್ಷಣದಲ್ಲೇ ನಿಜ ಹೇಳಬೇಕಿತ್ತು. ಆದರೆ ಸುತ್ತ ಬೀದಿಯ ಜನ. ಹೆಡ್‌ಮಾಸ್ತರರು "ಎಂಥ ಹೆಣ್ಣುಮಗಳಯ್ಯಾ!" ಎಂದು ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಯಾರೋ ದಾರಿಗೆಂದು ಬಾಳೆಹಣ್ಣು ತಂದುಕೊಟ್ಟರು. ಬಾಳೆಹಣ್ಣು ಹಿಡಿದುಕೊಂಡು ಚಿಕ್ಕಮ್ಮ ಚೆನ್ನಾಗಿದ್ದಾರೆ ಎಂದು ಹೇಳುವ ಎದೆಗಾರಿಕೆ ನನಗಿರಲಿಲ್ಲ.

ಮುಂದೆ ಇದ್ದದ್ದು ಒಂದೇ ಸೀಟು. ಹೆಂಡತಿ ಅದನ್ನು ಹತ್ತಿ ಕೂತಳು. ನನ್ನನ್ನೂ ಸೂಟ್‌ಕೇಸುಗಳನ್ನೂ ಹಿಂದಕ್ಕೆ ತುಂಬಿ, ಬಾಗಿಲು ಹಾಕಿ, ಬಿರುಗಾಳಿ ಚಿಲಕ ಎಳೆದಳು. ಮುಂದಿನ ಸೀಟಿನ ಕಡೆಗಿದ್ದ ಅಂಗೈಯಗಲದ ಕಿಂಡಿಯಿಂದ ಬರುವ ಬೆಳಕಿನಲ್ಲಿ ನನ್ನ ಸುತ್ತಲಿನ ಡಬ್ಬಿಗಳ ಮೇಲೆ ಬರೆದದ್ದು ಕಾಣುತ್ತಿತ್ತು: ಒಡೆಯುವ ವಸ್ತು, ಜೋಪಾನ. ನನ್ನ ಮೇಲೆ ಯಾರೂ ಏನೂ ಬರೆದಿರಲಿಲ್ಲ.

ಕಿಂಡಿಗೆ ಬಾಯಿಟ್ಟು ಪಿಸುಗುಟ್ಟಿದೆ. "ಏನೇ, ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಒಂದು ಆಟೋ ಹಿಡಿದು ಗೋಡೌನಿಗೆ ಹೋಗೋಣ. ಕೈಕಾಲು ಹಿಡಿದಾದರೂ ಕನ್ನಡಕ ತರೋಣ."

"ನೀವು ಚಿಕ್ಕಮ್ಮನ ಚಿಂತೆ ಮಾಡಿ, ಸುಮ್ಮನೆ ಕೂತ್ಕೊಳ್ಳಿ" ಎಂದಿತು ಕಿಂಡಿ.

ಸ್ವಲ್ಪ ದೂರ ಹೋಗಿ ಗಾಡಿ ನಿಂತಿತು. ಹೊರಗೆ ಜನರ ಸದ್ದು. ಬಿರುಗಾಳಿ ಕಿಂಡಿಯಲ್ಲಿ, "ಸಾರ್, ಇಲ್ಲಿ ಚೆಕಿಂಗ್ ಇದೆ. ಜನರನ್ನ ಹಾಕ್ಕೊಂಡು ಹೋಗೋ ಹಾಗಿಲ್ಲ, ನನ್ನ ಕೆಲಸ ಹೋಗತ್ತೆ. ಉಸಿರು ಬಿಡದೆ ಬಚ್ಚಿಟ್ಕೊಳ್ಳಿ" ಎಂದಳು. ನಾನು ದೊಡ್ಡದೊಂದು ಡಬ್ಬಿಯ ಹಿಂದೆ ಮುದುಡಿ ಗೋಣಿಚೀಲ ಹೊದ್ದುಕೊಂಡೆ. ಮನೆತನದ ಮೊದಲ ಪದವೀಧರ! ಯಾರೋ ಬಂದು ಹಿಂಬಾಗಿಲು ತೆರೆದು ಮುಚ್ಚಿದರು. ದೂರದಲ್ಲೆಲ್ಲೋ ನನ್ನ ಹೆಂಡತಿ ನಕ್ಕಂತೆ ಕೇಳಿಸಿತು. ಆದರೆ ಗೋಣಿಚೀಲದೊಳಗೆ ಮನುಷ್ಯನಿಗೆ ಏನೇನೋ ಕೇಳಿಸುತ್ತದೆ.

ಗಾಡಿ ಮತ್ತೆ ಹೊರಟಿತು, ಮತ್ತೆ ನಿಂತಿತು. ಈ ಸಲ ಬಿರುಗಾಳಿ ಹಿಂದಿನ ಬಾಗಿಲು ತೆಗೆದಳು. "ಸಾರ್, ದಾರೀಲೇ ಇದೆ, ಒಂದು ಮನೆ. ಆ ನೀಲಿ ಟೇಪಿನ ಡಬ್ಬಿ ಹಾಗೇ ಕೈಗೆ ಕೊಡಿ."

"ಬಸ್ಸಿಗೆ..."

"ಬಸ್ಸಿಗೆ ಹೊತ್ತಿದೆ ಬಿಡಿ ಸಾರ್."

ಇಲ್ಲದ ಬಸ್ಸು ತಪ್ಪಿಹೋಗುತ್ತದೆಂದು ಜಗಳವಾಡುವುದು ಹೇಗೆ? ಕೊಟ್ಟೆ. ಮುಂದಿನ ಬೀದಿಯಲ್ಲಿ ಇನ್ನೊಂದು ದಾರಿಯ ಮೇಲಿನ ಮನೆ. ಅದರ ಮುಂದೆ ಮತ್ತೊಂದು. ಮೂರನೆಯದಕ್ಕೆ, "ಸಾರ್, ನಾನು ಗಾಡಿ ತಿರುಗಿಸ್ಕೋತೀನಿ, ಇದನ್ನೊಂದು ಮೇಲಕ್ಕೆ ಕೊಟ್ಟು ಬಂದ್ಬಿಡಿ" ಎಂದು ನನ್ನನ್ನೇ ಕಳಿಸಿದಳು.

ಇಸ್ತ್ರಿ ಅಂಗಿ ತೊಟ್ಟು ಡಬ್ಬಿ ಹೊತ್ತು ಹೋದರೆ, ಕಾವಲುಗಾರ, "ಲಿಫ್ಟು ಡೆಲಿವರಿಯವರಿಗಲ್ಲ" ಎಂದ. ನಾನು ಪದವೀಧರನೆಂದು ಹೇಳಿದೆ. "ಮೆಟ್ಟಿಲು ಆ ಕಡೆ" ಎಂದ. ಕೊನೆಯ ಮಹಡಿಯ ಹೆಂಗಸು ಬಾಗಿಲು ತೆರೆದು, "ಈಗ ಬಂದ್ರಾ? ಎಲ್ಲಿ ನಿದ್ದೆ ಮಾಡ್ತಿದ್ರಿ?" ಎಂದರು. ಡಬ್ಬಿಯನ್ನು ಅವರ ಕೈಗಿಟ್ಟು ಗೋಡೆಗೆ ಒರಗಿದೆ. ಇನ್ನೊಂದು ಮನೆಯಲ್ಲಿ ಡಬ್ಬಿ ಬಿಚ್ಚಿ ನೋಡಿ, ಪರದೆಯ ಬಣ್ಣ ಗೋಡೆಗೆ ಹೊಂದುತ್ತದೋ ಇಲ್ಲವೋ ಎಂದು ಗಂಡಹೆಂಡತಿ ನನ್ನನ್ನು ನಿಲ್ಲಿಸಿಕೊಂಡು ಜಗಳವಾಡಿದರು. ನನ್ನ ಅಭಿಪ್ರಾಯ ಕೇಳಿದರು. ಹೇಳಿದೆ. ಇಬ್ಬರೂ ಸೇರಿ ನನ್ನ ಮೇಲೆ ಬಿದ್ದರು.

ಮತ್ತೊಂದು ಮನೆಯಲ್ಲಿ ಟಿ.ವಿ. ಗಟ್ಟಿಯಾಗಿ ಹಾಡುತ್ತಿತ್ತು. ಬೆಲ್ ಒತ್ತಿದೆ, ತಟ್ಟಿದೆ, ಕೂಗಿದೆ. ಒಳಗಿನಿಂದ ಒಂದು ಗಂಡಸಿನ ದನಿ, "ಮನೇಲಿ ಯಾರೂ ಇಲ್ಲ, ಆಮೇಲೆ ಬನ್ನಿ!" ಎಂದಿತು. ಕೆಳಗೆ ಬಂದು ಹೇಳಿದರೆ ಬಿರುಗಾಳಿ ಮೆಷಿನ್ನನ್ನು ನನ್ನ ಮುಂದೆ ಹಿಡಿದು, "ನೀವೇ ಒತ್ತಿ ಸಾರ್" ಎಂದಳು. ಎಷ್ಟು ಹುಡುಕಿದರೂ ಆ ಮನುಷ್ಯನಿಗೆ ಹೊಂದುವ ಬಟನ್ನು ಅದರಲ್ಲಿರಲಿಲ್ಲ. ಅಂಗಿಯ ತೋಳಿನಿಂದ ಬೆವರು ಒರೆಸಿಕೊಂಡು, 'ಬಾಗಿಲು ಹಾಕಿತ್ತು' ಎಂದು ಒತ್ತಿದೆ.

ಇಷ್ಟರಲ್ಲೂ ನನ್ನ ಮನಸ್ಸೆಲ್ಲ ಕನ್ನಡಕದ ಮೇಲೆ. ಸೂರ್ಯ ನೆತ್ತಿ ದಾಟಿದ್ದ. ಗೋಡೌನು ಯಾವ ಹೊತ್ತಿಗೆ ಮುಚ್ಚುತ್ತದೋ! ಪ್ರತಿ ಸಲ ಕಿಂಡಿಗೆ ಬಾಯಿಟ್ಟು, "ಏನೇ, ಹೇಳಿಬಿಡಲಾ? ನಿಜ ಹೇಳಿಬಿಡಲಾ?" ಎನ್ನುತ್ತಿದ್ದೆ. "ಶ್! ನನಗೆ ತೊಂದರೆ ಕೊಡಬೇಡಿ" ಎಂಬ ಉತ್ತರ ಬರುತ್ತಿತ್ತು. ದುಃಖದಲ್ಲಿದ್ದಾಳೆ ಎಂದುಕೊಂಡೆ. ನನ್ನಿಂದ ಅವಳ ಒಂದು ವರ್ಷ ಹೋಯಿತಲ್ಲ! ಈ ಸಂಕಟದಲ್ಲೇ ಕೊನೆಯ ಡಬ್ಬಿಯನ್ನೂ ಕೊಟ್ಟು ಮುಗಿಸಿದೆ. ಗಾಡಿಯಲ್ಲಿ ಉಳಿದದ್ದು ನಾನು, ಮತ್ತು ಎಂಟನೇ ತರಗತಿಯ ವಿಜ್ಞಾನ.

ಗಾಡಿ ಕೊನೆಯ ಸಲ ನಿಂತಿತು. ಬಾಗಿಲು ತೆರೆಯುವ ಮೊದಲೇ ನಾನು ಒಳಗಿನಿಂದ ಕೂಗಿದೆ. "ಅಮ್ಮಾ, ನನ್ನನ್ನು ಕ್ಷಮಿಸಿ! ಚಿಕ್ಕಮ್ಮ ಚೆನ್ನಾಗಿದ್ದಾರೆ! ಬಸ್ಸೂ ಇಲ್ಲ, ಆಸ್ಪತ್ರೆಯೂ ಇಲ್ಲ! ನಾಳೆ ಇವಳಿಗೆ ಪರೀಕ್ಷೆ, ಕನ್ನಡಕ ಬೇಕು. ದಯವಿಟ್ಟು ಗೋಡೌನಿಗೆ ಕರೆದುಕೊಂಡು ಹೋಗಿ!"

ಬಾಗಿಲು ತೆರೆಯಿತು. ಬಸ್‌ಸ್ಟ್ಯಾಂಡಲ್ಲ, ನಮ್ಮದೇ ಬೀದಿ, ನಮ್ಮದೇ ಮನೆ. ಬಿರುಗಾಳಿ ನಗು ತಡೆಯಲಾರದೆ ಸ್ಕಾರ್ಫಿನ ತುದಿ ಬಾಯಿಗೆ ತುರುಕಿಕೊಂಡಿದ್ದಳು. ಅವಳ ಪಕ್ಕದಲ್ಲಿ ನನ್ನ ಹೆಂಡತಿ. ಅವಳ ಮೂಗಿನ ಮೇಲೆ ಹೊಚ್ಚ ಹೊಸ ಕನ್ನಡಕ. ಕೈಯಲ್ಲಿ ನಿಯಮಾವಳಿ, ನಡುವೆ ಬೆರಳಿಟ್ಟು ಗುರುತು ಹಿಡಿದಿದ್ದಾಳೆ.

"ಇದು... ಇದು ಯಾವಾಗ?"

"ಆಗಲೇ. ನೀವು ಗೋಣಿಚೀಲದಲ್ಲಿ ಇದ್ದಾಗ" ಎಂದಳು ಹೆಂಡತಿ.

"ಚೆಕಿಂಗ್ ಅಂದ್ರಲ್ಲ?"

"ಅದೇ ಗೋಡೌನು ಸಾರ್" ಎಂದಳು ಬಿರುಗಾಳಿ. "ಮೇಡಂ ಮೊದಲನೇ ತಿರುವಲ್ಲೇ ಎಲ್ಲಾ ಹೇಳ್ಬಿಟ್ರು. ನಾನು ನಿಮ್ಮ ಚಿಕ್ಕಮ್ಮನಿಗೆ ಹರಕೆ ಹೊತ್ಕೋಬೇಕು ಅಂತಿದ್ದೆ, ಗೊತ್ತಾ? ಇದ್ದದ್ದು ಹೇಳಿದ್ರೆ ಬೆಳಿಗ್ಗೆ ಲೋಡಿಗೆ ಮುಂಚೇನೇ ತಂದು ಕೊಡ್ತಿರ್ಲಿಲ್ವಾ ನಾನು?"

"ಹಾಗಾದರೆ ಇಷ್ಟು ಹೊತ್ತು ನನ್ನ ಕೈಲಿ ಡಬ್ಬಿ ಹೊರಿಸಿದ್ದು?"

"ಅದು ಮೇಡಂ ಐಡಿಯಾ."

ಹೆಂಡತಿ ಕನ್ನಡಕ ಸರಿಪಡಿಸಿಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಮನೆಗೆ ಬಂದಿದ್ರೆ ನೀವು ಓದಿ ಹೇಳ್ತೀನಿ ಅಂತ ಕೂರ್ತಿದ್ರಿ. ಗಾಡೀಲಿ ಎಷ್ಟು ಚೆನ್ನಾಗಿ ಓದಿಸಿಕೊಂಡು ಹೋಯ್ತು ಗೊತ್ತಾ? ಒಬ್ಬರೂ ಕರ್ತೃ ಕೇಳಲಿಲ್ಲ."

ಹೆಡ್‌ಮಾಸ್ತರರು ಆಗಲೇ ಗೇಟಿನ ಬಳಿ. "ಏನಯ್ಯಾ, ಇಷ್ಟು ಬೇಗ ಬಂದೆ? ಚಿಕ್ಕಮ್ಮ ಹೇಗಿದ್ದಾರೆ?"

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ, "ದಾರೀಲೇ ಫೋನ್ ಬಂತು ಮೇಷ್ಟ್ರೇ, ಗುಣ ಆಯ್ತಂತೆ, ಬರೋದು ಬೇಡ ಅಂದ್ರು" ಎಂದು ಬೀಗ ತೆಗೆದು ಒಳಗೆ ಹೋದಳು. ಸುಳ್ಳು ಹೇಗೆ ಹೇಳಬೇಕೆಂದು ನನಗೆ ಅಂದು ತಿಳಿಯಿತು. ಅದರಲ್ಲಿ ಆಸ್ಪತ್ರೆ ಇರಬಾರದು.

ಸ್ನಾನ ಮಾಡಿ, ಕಾಲಿಗೆ ಎಣ್ಣೆ ತಿಕ್ಕಿಕೊಂಡು, ನಾನು ಕಿಟಕಿಯ ಪಕ್ಕ ಒರಗಿದೆ. ಒಳಗಿನ ಕೋಣೆಯಲ್ಲಿ ಹೆಂಡತಿ ಸರಸರನೆ ಪುಟ ತಿರುವುತ್ತಿದ್ದಳು. ಎಷ್ಟಾದರೂ ಅವಳ ಪರೀಕ್ಷೆ. ಕಷ್ಟದ ಭಾಗಗಳನ್ನಾದರೂ ವಿವರಿಸೋಣವೆಂದು ಎದ್ದು ಅವಳ ಬಳಿ ಹೋಗಿ ಕುರ್ಚಿ ಎಳೆದುಕೊಂಡೆ. ಕೂರುವ ಮೊದಲು ಕುರ್ಚಿ ನೋಡಿದೆ.

"ಎಲ್ಲಿಗೆ ಬಂತು? ಮೇಲ್ಮನವಿಯ ಅಧ್ಯಾಯವಾ? ಅದಕ್ಕೊಂದು ಹಿನ್ನೆಲೆ ಇದೆ ನೋಡು..."

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಬಿರುಗಾಳಿ.

"ಸಾರ್, ನಮ್ಮ ಸೂಪರ್‌ವೈಸರ್ ನಿಮ್ಮನ್ನ ನೋಡ್ಬಿಟ್ಟಿದ್ದಾರೆ. ಗೋಣಿಚೀಲದಿಂದ ಕಾಲು ಹೊರಗಿತ್ತಂತೆ."

"ಅಯ್ಯೋ! ನಿಮ್ಮ ಕೆಲಸಕ್ಕೆ ಏನಾದರೂ..."

"ಇಲ್ಲ ಸಾರ್! ಇವತ್ತು ಎಲ್ಲರಿಗಿಂತ ಮೊದಲು ಖಾಲಿ ಆಗಿ ಬಂದಿದ್ದು ನಮ್ಮ ಗಾಡೀನೇ. ಆ ಕಾಲು ಯಾರದು, ಸೋಮವಾರದಿಂದ ದಿನಾ ಬರ್ತಾರಾ ಕೇಳಮ್ಮ ಅಂದ್ರು."

ನಾನು ಫೋನಿನ ಬಾಯಿ ಮುಚ್ಚಿ, ನಗುತ್ತಾ, "ಕೇಳಿದೆಯಾ? ನನ್ನನ್ನು ಸೋಮವಾರದಿಂದ ಗಾಡಿಗೆ ಕಳಿಸುತ್ತೀಯಾ ಅಂತ ಕೇಳುತ್ತಿದ್ದಾರೆ!" ಎಂದೆ.

ಹೆಂಡತಿ ಪುಸ್ತಕದಿಂದ ತಲೆ ಎತ್ತಲಿಲ್ಲ.

"ಸೋಮವಾರದವರೆಗೆ ಯಾಕೆ ಕಾಯ್ಬೇಕು? ಈಗಲೇ ಬಂದು ಕರ್ಕೊಂಡು ಹೋಗ್ತಾರಾ ಕೇಳಿ. ನನಗಿನ್ನೂ ಎರಡು ಅಧ್ಯಾಯ ಬಾಕಿ ಇದೆ."